ವಾರಗಿತ್ತಿಯ ಕೇಬಲ್

ಹಸಿರು ದೀಪ ಇನ್ನೂ ಉರಿಯುತ್ತಿದೆ, ಯಂತ್ರದ ತೋಳು ವಾರಗಿತ್ತಿಯ ಆ ಕರಿ ಕೇಬಲ್ಲಿನ ಕತ್ತು ಹಿಡಿದು ಎಡಕ್ಕೆ ಬಾಗಿಸುತ್ತದೆ, ಬಲಕ್ಕೆ ಬಾಗಿಸುತ್ತದೆ, ಒಂಬತ್ತು ಸಾವಿರದ ನಾನ್ನೂರು ಸಲ ಆಯಿತು, ಒಳಗೆ ಒಂದೇ ಒಂದು ಎಳೆ ಕಡಿದರೂ ದೀಪ ಆರಬೇಕು, ಆರಲಿ, ಆರಿ ಸಾಯಲಿ — ತನ್ನ ಕೇಬಲ್ಲಿನ ದೀಪ ಬೆಳಿಗ್ಗೆ ಎಂಟು ಸಾವಿರಕ್ಕೇ ಆರಿತಲ್ಲ, ಎಲ್ಲರ ಕಣ್ಣೆದುರಿಗೇ, ಆಗ ಮೈದುನನ ಹೆಂಡತಿ ಅಯ್ಯೋ ಅಕ್ಕಾ ಎಂದು ಬಾಯಿಗೆ ಕೈ ಇಟ್ಟುಕೊಂಡಳು, ಏನು ನಾಟಕ, ಒಳಗೊಳಗೇ ಹಾಲು ಕುಡಿದಷ್ಟು ಸಂತೋಷ. ಹದಿನಾಲ್ಕು ವರ್ಷ ಬೆಸುಗೆ ಹಾಕಿದ ಕೈ ತನ್ನದು, ಕೂದಲಿನಷ್ಟು ತೆಳ್ಳನೆಯ ತಂತಿಯನ್ನು ಭೂತಗನ್ನಡಿಯ ಕೆಳಗೆ ಹಿಡಿಯಲು ಅವಳಿಗೆ ಕಲಿಸಿದವಳೂ ತಾನೇ, ಕೈ ನಡುಗಿದರೆ ಉಸಿರು ಬಿಗಿ ಹಿಡಿಯೇ ಎಂದವಳೂ ತಾನೇ. ಈಗ ಅತ್ತೆಗೂ ಚಿಕ್ಕವಳೇ ಜಾಣೆ, ಕಟ್ಟಿಕೊಂಡ ಗಂಡನೂ ಅವಳ ಕೈಯಲ್ಲಿ ಏನೋ ಇದೆ ಕಣೇ ಅನ್ನುತ್ತಾನೆ, ಇವನ ಬಾಯಿಗೆ ಮಣ್ಣು ಹಾಕ. ಏನಿದೆ ಅವಳ ಕೈಯಲ್ಲಿ? ಕನೆಕ್ಟರಿನ ಒಳಗೆ ತಂತಿಗಳನ್ನು ಜೋಲು ಬಿಡುತ್ತಾಳೆ, ಸೋಂಬೇರಿ ಹಾಕಿದ ಜಡೆಯ ಹಾಗೆ, ಇದೇನೇ ಇದು ಎಂದು ಎಷ್ಟು ಸಲ ಬೈದಿಲ್ಲ, ತನ್ನ ತಂತಿಗಳೋ ಗೆರೆ ಎಳೆದಂತೆ ನೆಟ್ಟಗೆ, ಬಿಗಿಯಾಗಿ — ಇಂಜಿನಿಯರ್ ಎರಡನ್ನೂ ಬಿಚ್ಚಿ ನೋಡಿ ಅಂದ, ಚಂದ ನಿಮ್ಮದೇ ಅಮ್ಮಾ, ಆದರೆ ಈ ಕೇಬಲ್ಲಿನ ವಿ.ಆರ್. ಹೆಡ್‌ಸೆಟ್ ಕಣ್ಣಿಗೆ ಕಟ್ಟಿಕೊಂಡು ಆಟ ಆಡೋರು ಅದರೊಳಗೆ ಇಲ್ಲದ ಹುಲಿ ಕಂಡು ಗಬಕ್ಕನೆ ತಲೆ ತಿರುಗಿಸ್ತಾರಲ್ಲ, ಆಗ ಎಳೆತವೆಲ್ಲ ನೇರ ಬೆಸುಗೆಗೇ ಬೀಳುತ್ತೆ, ಅವರು ಸ್ವಲ್ಪ ಸಡಿಲ ಬಿಟ್ಟಿದಾರೆ ನೋಡಿ. ಅವರು! ನಿನ್ನೆ ಮೊನ್ನೆ ಬಂದವಳು ಅವರು. ಹತ್ತು ಸಾವಿರ ಮುಟ್ಟಿದರೆ ಹೊಸ ಬೆಸುಗೆ ಕೋಣೆಯ ಉಸ್ತುವಾರಿ ಅವಳ ಕೈಗೆ, ಮುಟ್ಟದಿದ್ದರೆ ಹಿರಿಯರು ನೀವೇ ನೋಡಿಕೊಳ್ಳಿ ಅಂದಿದ್ದಾನೆ ಇಂಜಿನಿಯರ್, ಒಂಬತ್ತು ಸಾವಿರದ ಆರುನೂರು, ಎಲ್ಲರೂ ಊಟಕ್ಕೆ ಹೋಗಿದ್ದಾರೆ, ಕೇಬಲ್ಲಿನ ತುದಿಯಲ್ಲಿ ತೂಗುವ ಕಬ್ಬಿಣದ ಗುಂಡು ಒಂದೇ, ಪಕ್ಕದ ಯಂತ್ರದ ಗುಂಡು ಸುಮ್ಮನೆ ಬಿದ್ದಿದೆ, ತಣ್ಣಗಿದೆ, ಕೈಗೆ ಬಂದೇಬಿಟ್ಟಿತು, ಕೊಕ್ಕೆಗೆ ಸಿಕ್ಕಿಸಿದರೆ ಯಾರಿಗೆ ಗೊತ್ತಾಗಬೇಕು — ಸಿಕ್ಕಿಸಿದಳು. ಕೇಬಲ್ ಜಗ್ಗಿತು, ತೋಳು ಕೊಂಯ್ ಎಂದಿತು, ಹಸಿರು. ಬಾಗಿಲಾಚೆಯಿಂದ ಅದೇ ದನಿ, ಅಕ್ಕಾ, ಎಷ್ಟು ಹೊತ್ತೇ ನಿಂದು, ನಿನ್ನ ತಟ್ಟೆಗೂ ಬಡಿಸಿಟ್ಟಿದೀನಿ, ಆರಿಹೋಗುತ್ತೆ ಬಾ, ಆ ಯಂತ್ರ ಎಲ್ಲೂ ಓಡಿಹೋಗಲ್ಲ! ಕಪಾಟಿನಿಂದ ಮೂರನೆಯ ಗುಂಡು ತೆಗೆದು ಅದನ್ನೂ ಸಿಕ್ಕಿಸಿದಳು, ಅಷ್ಟು ಭಾರ ತನ್ನ ಬೆಸುಗೆಗೆ ಹಾಕಿದ್ದರೆ ನೂರಕ್ಕೇ ಪಟ್ಟನೆ ಹೋಗುತ್ತಿತ್ತು, ತನಗೇ ಗೊತ್ತು, ಎಡಕ್ಕೆ, ಬಲಕ್ಕೆ, ಒಳಗೆಲ್ಲೋ ಆ ಜೋಲು ಸುರುಳಿ ಬಿಚ್ಚಿಕೊಳ್ಳುತ್ತಿದೆ, ಮತ್ತೆ ಸುತ್ತಿಕೊಳ್ಳುತ್ತಿದೆ, ಒಂಬತ್ತು ಸಾವಿರದ ಒಂಬೈನೂರ ತೊಂಬತ್ತು, ಆರಿಹೋಗೇ ದೀಪವೇ, ಆರಿಹೋಗೇ, ನಿನ್ನ ಮನೆ ಹಾಳಾಗ, ಎಡಕ್ಕೆ, ಹಸಿರು, ಬಲಕ್ಕೆ, ಹಸಿರು, ಹತ್ತು ಸಾವಿರ, ಹಸಿರು