ಗೋಜಿ ಟೀ, ದಂಟಿನ ಸೊಪ್ಪು

ನಮ್ಮ ಮನೆಯಲ್ಲಿ ರೇಷ್ಮೆ ಹುಳಕ್ಕೆ ದಿನಕ್ಕೆ ಮೂರು ಸಲ ಸೊಪ್ಪು. ನನಗೆ ಒಂಬತ್ತು ವರ್ಷದಿಂದ ಒಂದು ಸಲವೂ ಇಲ್ಲ.

ನಾನು ಮಾಯಮ್ಮ. ನಮ್ಮೂರು ವಿರೂಪಾಕ್ಷಿಪುರದಿಂದ ಎರಡು ಮೈಲಿ. ಒಂಬತ್ತು ವರ್ಷದ ಹಿಂದೆ ನನ್ನ ಎದೆ ಸೀಳಿ, ಕೆಟ್ಟುಹೋಗಿದ್ದ ವಾಲ್ವು ತೆಗೆದು ಲೋಹದ್ದು ಹಾಕಿದರು. ಸುತ್ತ ಸದ್ದಿಲ್ಲದಾಗ ಅದು ಟಿಕ್ ಟಿಕ್ ಅನ್ನುವುದು ನನಗೇ ಕೇಳುತ್ತದೆ. ಅದರಲ್ಲಿ ರಕ್ತ ಗಟ್ಟಿಯಾಗಿ ಕೂರಬಾರದು ಅಂತ ದಿನಾ ರಕ್ತ ತೆಳು ಮಾಡುವ ಮಾತ್ರೆ ನುಂಗಬೇಕು. ತಿಂಗಳಿಗೊಮ್ಮೆ ರಾಮನಗರದ ಆಸ್ಪತ್ರೆಯಲ್ಲಿ ರಕ್ತ ಕೊಟ್ಟು ನಂಬರು ನೋಡಿಸಬೇಕು. ಅದು ಮೂರರ ಆಸುಪಾಸಿನಲ್ಲಿರಬೇಕು; ಏರಿದರೆ ರಕ್ತ ತೀರಾ ತೆಳು, ಇಳಿದರೆ ಗಟ್ಟಿ.

ಆಪರೇಷನ್ ಆಗಿ ಮನೆಗೆ ಕಳಿಸಿದ ದಿನ ಡಾಕ್ಟರು ಮಾತಾಡಿದ್ದೆಲ್ಲ ನನ್ನ ಯಜಮಾನರು ರಾಮಲಿಂಗಯ್ಯನವರ ಜೊತೆ. ಮಂಚದ ಕಾಲ ಹತ್ತಿರ ನಿಂತು ಇಬ್ಬರೂ ನನ್ನ ವಿಷಯ ಮಾತಾಡಿಕೊಂಡರು. ಮಂಚದ ಮೇಲೆ ಮಲಗಿದ್ದವಳ ಕಡೆ ಯಾರೂ ತಿರುಗಲಿಲ್ಲ. ಮನೆಗೆ ಬಂದವರೇ ಯಜಮಾನರು ಅಪ್ಪಣೆ ಕೊಡಿಸಿದರು: "ಇವಳು ಇನ್ಮೇಲೆ ಸೊಪ್ಪು ಮುಟ್ಟಂಗಿಲ್ಲ, ಮಾತ್ರೆಗೆ ಆಗಕಿಲ್ವಂತೆ."

ಮುದ್ದೆ ತಿನ್ನುವ ಸೀಮೆಯಲ್ಲಿ ಸೊಪ್ಪಿಲ್ಲದೆ ಬದುಕುವುದು ಅಂದರೆ ಏನು ಅಂತ ಬದುಕಿದವರಿಗೇ ಗೊತ್ತು. ದಂಟಿನ ಸೊಪ್ಪಿನ ಬಸ್ಸಾರು ಮಾಡುವವಳು ನಾನೇ. ಆದರೆ ಉಪ್ಪು ನೋಡುವ ಹಾಗಿಲ್ಲ. ಒಲೆ ಮುಂದೆ ಸೊಸೆ ಭಾನುಪ್ರಿಯ ಬಂದು ಅಂಗೈ ಒಡ್ಡಬೇಕು, ನಾನು ಸೌಟಿನಿಂದ ಒಂದು ಹನಿ ಬಿಡಬೇಕು, ಅವಳು ನೆಕ್ಕಿ "ಸರಿಯಾಗೈತೆ ಅತ್ತೆ" ಅನ್ನಬೇಕು. ಊಟ ತನ್ನಿಚ್ಛೆ, ನೋಟ ಪರರಿಚ್ಛೆ ಅಂತಾರೆ. ನನ್ನ ಪಾಲಿಗೆ ಎರಡೂ ಪರರಿಚ್ಛೆಯೇ ಆಗಿತ್ತು.

ಹೀಗಿರುವಾಗ ಕನಕಪುರದಿಂದ ನನ್ನ ತಮ್ಮ ನಟರಾಜು ಬಂದ. ಕೈಯಲ್ಲಿ ಮಿರಮಿರ ಮಿಂಚುವ ಪ್ಯಾಕೆಟ್ಟು. ಒಳಗೆ ಕೆಂಪಗೆ ಸುಕ್ಕುಗಟ್ಟಿದ ಒಣಹಣ್ಣು, ಬ್ಯಾಡಗಿ ಮೆಣಸಿನಕಾಯಿಯ ಮರಿಗಳ ಹಾಗೆ.

"ಗೋಜಿ ಹಣ್ಣು ಕಣಕ್ಕ. ಚೀನಾದೋರು ನೂರು ವರ್ಸ ಬದ್ಕೋದೇ ಇದ್ರಿಂದ. ಕಣ್ಣು, ಕಿಡ್ನಿ, ಶುಗರು, ಹಾರ್ಟು, ಎಲ್ಲಕ್ಕೂ ಆಯ್ತದೆ. ಮೂರು ತಿಂಗ್ಳು ಟೀ ಮಾಡ್ಕೊಂಡು ಕುಡಿ, ಆ ಮಾತ್ರೆ ಗೀತ್ರೆ ಎಲ್ಲ ಬಿಸಾಕ್ಬೋದು."

ತವರಿನಿಂದ ಬಂದದ್ದನ್ನು ಬೇಡ ಅನ್ನುವುದು ಹೇಗೆ? ಮೊದಲ ದಿನ ಭಾನು ನಮ್ಮ ಅಭ್ಯಾಸದಂತೆ ಹಾಲು, ಸಕ್ಕರೆ, ಶುಂಠಿ ಎಲ್ಲ ಹಾಕಿ ಕುದಿಸಿಬಿಟ್ಟಳು. ಹಾಲು ಒಡೆದು ಮೊಸರಿನ ಗಡ್ಡೆ. ನಟರಾಜು ಫೋನಿನಲ್ಲಿ ಬೈದು ಹೇಳಿಕೊಟ್ಟ: ಹತ್ತಿಪ್ಪತ್ತು ಹಣ್ಣು ಲೋಟಕ್ಕೆ ಹಾಕಿ, ಬಿಸಿನೀರು ಹೊಯ್ದು, ಹತ್ತು ನಿಮಿಷ ಮುಚ್ಚಿಡಬೇಕು. ನೀರು ಕುಡಿದು ಉಬ್ಬಿದ ಹಣ್ಣನ್ನೂ ತಿನ್ನಬೇಕು. ಸುಳ್ಳು ಯಾಕೆ ಹೇಳಲಿ, ರುಚಿಯಾಗಿತ್ತು. ಒಣದ್ರಾಕ್ಷಿಗೆ ಒಂಚೂರು ಹುಳಿ ಸೇರಿದ ಹಾಗೆ. ಬೆಳಿಗ್ಗೆ ಒಂದು ಲೋಟ, ಸಂಜೆ ಒಂದು ಲೋಟ ಕುಡಿದೆ. ಮಾತ್ರೆ ಮಾತ್ರ ಬಿಡಲಿಲ್ಲ, ಅಷ್ಟು ಬುದ್ಧಿ ನನಗಿತ್ತು.

ಹೊಟ್ಟೆ ಉರಿಯುವುದು ಎಲ್ಲಿ ಅಂದರೆ, ನನ್ನ ತಟ್ಟೆಯ ಸಾರಿನಲ್ಲಿ ಒಂದೆಸಳು ಕೊತ್ತಂಬರಿ ತೇಲಿದರೂ ಹೆಕ್ಕಿ ಬಿಸಾಡುತ್ತಿದ್ದ ಯಜಮಾನರು ಈ ಹಣ್ಣಿನ ಬಗ್ಗೆ ಒಂದು ಮಾತೂ ಕೇಳಲಿಲ್ಲ. ಪ್ಯಾಕೆಟ್ಟಿನಲ್ಲಿ ಬಂದಿದೆ, ಮೇಲೆ ಇಂಗ್ಲಿಷಿದೆ, ಅಂದ ಮೇಲೆ ಒಳ್ಳೆಯದೇ ಇರಬೇಕು. ಹಿತ್ತಲಲ್ಲಿ ಬೆಳೆದದ್ದರ ಮೇಲೆ ಮಾತ್ರ ಅನುಮಾನ.

ಮೂರನೇ ವಾರ ಹಲ್ಲುಜ್ಜುವಾಗ ಒಸಡಿನಲ್ಲಿ ರಕ್ತ ಬಂತು. ಹುಳದ ಸೊಪ್ಪಿನ ಬುಟ್ಟಿ ತಗುಲಿದ ತೋಳಿನಲ್ಲಿ ಅಂಗೈಯಗಲ ಕಪ್ಪುಗಟ್ಟಿತು. ಯಜಮಾನರು ನೋಡಿದವರೇ ಗುಡುಗಿದರು:

"ಕದ್ದು ಸೊಪ್ಪು ತಿಂದಿದ್ದೀಯ ಕಣಮ್ಮಿ ನೀನು!"

"ತಿಂದಿಲ್ಲ."

"ಮತ್ತೆ ಸುಮ್ಸುಮ್ನೆ ಹಿಂಗಾಯ್ತದಾ? ಭಾನು, ನೀನೇನಾರ ನೋಡ್ದಾ?"

ಭಾನು ನೆಲ ನೋಡಿದಳು. ಅವಳೂ ನಂಬಿದ್ದಳು. ಒಂಬತ್ತು ವರ್ಷ ಬಾಯಿ ಕಟ್ಟಿದವಳಿಗೆ ಕಳ್ಳಿ ಅನ್ನುವ ಹೆಸರು. ರಕ್ತ ಬಂದದ್ದಕ್ಕಿಂತ ಅದು ಹೆಚ್ಚು ನೋಯಿತು.

ಮಾರನೆಯ ದಿನ ಹುಳಕ್ಕೆ ಬೆಳಗಿನ ಸೊಪ್ಪು ಹಾಕಿ, ಕೈ ತೊಳೆದು, ಆಸ್ಪತ್ರೆಯ ಫೈಲನ್ನೂ ಆ ಪ್ಯಾಕೆಟ್ಟನ್ನೂ ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದೆ. ಯಾರಿಗೂ ಹೇಳಲಿಲ್ಲ. ಈ ಫೈಲು ನಾನು ನನ್ನ ಕೈಯಲ್ಲಿ ಹಿಡಿದುಕೊಂಡದ್ದು ಅದೇ ಮೊದಲು. ಯಾವಾಗಲೂ ಅದು ಯಜಮಾನರ ಕಂಕುಳಲ್ಲಿ ಇರುತ್ತಿತ್ತು.

ರಾಮನಗರದ ಆಸ್ಪತ್ರೆಗೆ ಹೊಸದಾಗಿ ಬಂದಿದ್ದ ಡಾಕ್ಟರು ದಿಲ್ಶಾದ್, ಚಿಕ್ಕ ವಯಸ್ಸಿನ ಹೆಣ್ಣುಮಗಳು. ರಕ್ತದ ರಿಪೋರ್ಟು ನೋಡಿ ಎದ್ದು ನಿಂತರು.

"ಅಮ್ಮಾ, ನಂಬರು ಆರಕ್ಕೆ ಹೋಗಿದೆ! ಹೊಸದಾಗಿ ಏನು ತಗೊಂಡ್ರಿ?"

ಪ್ಯಾಕೆಟ್ಟು ಮೇಜಿನ ಮೇಲಿಟ್ಟೆ.

"ಇದೇ ಇರಬೇಕು. ಬೇರೆಯವರಿಗೆ ಇದೊಂದು ಹಣ್ಣು ಅಷ್ಟೆ, ಕುಡಿದರೆ ಕುಡೀಲಿ. ಆದರೆ ನಿಮ್ಮ ಮಾತ್ರೆ ಜೊತೆ ಸೇರಿದರೆ ರಕ್ತ ತೀರಾ ತೆಳುವಾಗುತ್ತೆ. ತಲೆ ಒಳಗೆ ಸೋರಿದ್ದರೆ ಏನು ಗತಿ? ಇವತ್ತಿಂದಲೇ ಬಂದ್. ಮಾತ್ರೆ ಎರಡು ದಿನ ಬೇಡ, ಮೂರನೇ ದಿನ ಬಂದು ಮತ್ತೆ ರಕ್ತ ಕೊಡಿ."

"ಸೊಪ್ಪು ತಿಂದ್ರೆ ಹಿಂಗಾಯ್ತದಾ ಡಾಕ್ಟ್ರೇ?"

"ಸೊಪ್ಪು ಉಲ್ಟಾ ಅಮ್ಮ, ನಂಬರು ಇಳಿಸುತ್ತೆ. ಎಷ್ಟು ತಿಂತೀರ ದಿನಕ್ಕೆ?"

"ತಿಂದು ಒಂಬತ್ತು ವರ್ಸ ಆಯ್ತು."

ಅವರು ನನ್ನ ಮುಖ ನೋಡಿದರು. ಫೈಲು ತಿರುವಿ, ಆಪರೇಷನ್ ಆದ ದಿನದ ಹಾಳೆ ತೆಗೆದು, ಇಂಗ್ಲಿಷಿನಲ್ಲಿದ್ದ ಒಂದು ಸಾಲಿನ ಕೆಳಗೆ ಬೆರಳಿಟ್ಟು ಕನ್ನಡದಲ್ಲಿ ಹೇಳಿದರು: "ಸೊಪ್ಪು ದಿನಾ ಒಂದೇ ಅಳತೆಯಲ್ಲಿ ತಿನ್ನಬೇಕು, ಒಮ್ಮೆಲೇ ಹೆಚ್ಚು ಕಡಿಮೆ ಮಾಡಬಾರದು. ಇಷ್ಟೇ ಇರೋದು. ಬಿಡಿ ಅಂತ ಎಲ್ಲೂ ಇಲ್ಲ."

ನನಗೆ ಅಳು ಬಂತು. ದುಃಖಕ್ಕಲ್ಲ, ಸಿಟ್ಟಿಗೆ. ಒಂದೇ ಅಳತೆ! ಹುಳಕ್ಕೆ ಇವತ್ತು ರಾಶಿ ಹಾಕಿ ನಾಳೆ ಉಪವಾಸ ಕೆಡವಿದರೆ ಏನಾಗುತ್ತದೆ ಅಂತ ನನಗೆ ಯಾರು ಹೇಳಿಕೊಡಬೇಕು? ಮೂವತ್ತು ವರ್ಷದಿಂದ ಅಳೆದು ಹಾಕಿದ ಕೈ ಇದು. ಆ ಒಂದು ಸಾಲನ್ನು ಮಂಚದ ಕಡೆ ತಿರುಗಿ ನನಗೇ ಹೇಳಿದ್ದರೆ ಮುಗಿದುಹೋಗುತ್ತಿತ್ತು.

"ನಂಬರು ಮೂರಕ್ಕೆ ಬರಲಿ, ಆಮೇಲೆ ದಿನಾ ಒಂದು ಹಿಡಿಯಿಂದ ಶುರು ಮಾಡಿ. ವಾರವಾರ ನೋಡಿ ಮಾತ್ರೆ ಹೊಂದಿಸ್ತೀನಿ," ಅಂದರು ಡಾಕ್ಟರು.

ಮನೆಗೆ ಬಂದಾಗ ಜಗುಲಿಯಲ್ಲಿ ಯಜಮಾನರ ಪಕ್ಕ ನಟರಾಜು ಕೂತಿದ್ದ, ಮತ್ತೆರಡು ಪ್ಯಾಕೆಟ್ಟು ತಂದು.

"ಹೇಳ್ದೆ ಕೇಳ್ದೆ ಎಲ್ಗೋಗಿದ್ದೆ?" ಅಂದರು ಯಜಮಾನರು.

"ಯಾರು ಕಳ್ರು ಅಂತ ಕೇಳ್ಕೊಂಡು ಬರಕ್ಕೆ ಹೋಗಿದ್ದೆ." ರಿಪೋರ್ಟಿನಲ್ಲಿ ಇದ್ದದ್ದು, ಡಾಕ್ಟರು ಹೇಳಿದ್ದು ಎಲ್ಲ ಒಂದುಸಿರಿಗೆ ಹೇಳಿದೆ. ಪ್ಯಾಕೆಟ್ಟು ತಮ್ಮನ ತೊಡೆ ಮೇಲಿಟ್ಟೆ. "ನಟರಾಜು, ನಿನ್ ಪ್ರೀತಿ ಇಟ್ಕೋತೀನಿ, ಇದನ್ನ ತಗೊಂಡೋಗು. ಮಾತ್ರೆ ಬಿಸಾಕು ಅಂತ ಇನ್ನೊಬ್ರಿಗೆ ಹೇಳ್ಬುಟ್ಟೀಯ, ಹುಷಾರು!"

ನಟರಾಜು ಮೂರೂ ಪ್ಯಾಕೆಟ್ಟು ಚೀಲಕ್ಕೆ ತುರುಕಿದ. ಯಜಮಾನರು ಆ ಹಾಳೆಯ ತನಕ ಫೈಲು ತಿರುವಿದರು. ಕೊನೆಗೆ ದನಿ ಇಳಿಸಿ ಅಂದರು:

"ಡಾಕ್ಟ್ರು ಒಂದೇ ಅಳತೆ ಅಂದಿದ್ರು, ದಿಟ. ಸೊಪ್ಪು ಕಂಡ್ರೆ ನೀನು ಅಳತೆ ನೋಡ್ತೀಯಾ? ಎಲ್ಲಿ ಸತ್ತೋಗ್ಬುಟ್ಟೀಯ ಅಂತ ಭಯ. ಅದ್ಕೇ ನಾನೇ ಪೂರ್ತಿ ಬಿಡ್ಸುದೆ."

"ಭಯ ನಿಮ್ದು, ಬಾಯಿ ನಂದು," ಅಂದೆ. "ಇನ್ಮೇಲೆ ಫೈಲು ನನ್ ಹತ್ರನೇ ಇರ್ತದೆ."

ಎರಡು ವಾರಕ್ಕೆ ನಂಬರು ಮೂರಕ್ಕೆ ಬಂತು. ಅವತ್ತೇ ಹಿತ್ತಲಿಗೆ ಹೋಗಿ ದಂಟಿನ ಸೊಪ್ಪು ಕಿತ್ತೆ. ನನ್ನ ಪಾಲಿನ ಒಂದು ಹಿಡಿಯನ್ನು ತಕ್ಕಡಿಯಲ್ಲಿಟ್ಟು ತೂಗಿ, ಅಷ್ಟು ಹಿಡಿಯುವ ಒಂದು ಬಟ್ಟಲು ಗೊತ್ತುಮಾಡಿದೆ. ಬೇಳೆ ಜೊತೆ ಬೇಯಿಸಿ, ಬಸಿದು, ಖಾರ ಅರೆದು ಹಾಕಿ ಸಾರು ಕುದಿಸಿದೆ. ಯಜಮಾನರು ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು.

ಭಾನು ಎಂದಿನಂತೆ ಒಲೆ ಮುಂದೆ ಬಂದು ಅಂಗೈ ಒಡ್ಡಿದಳು.

ನಾನು ಸೌಟೆತ್ತಿ ನನ್ನ ಅಂಗೈ ಮೇಲೆ ಬಿಟ್ಟುಕೊಂಡೆ. ಸುಟ್ಟಿತು. ನೆಕ್ಕಿದೆ.

ಉಪ್ಪು ಕಮ್ಮಿಯಾಗಿತ್ತು. ಹಾಕಿದೆ.