ಗಡಿಗೆಯಲ್ಲಿದ್ದ ಮಾವ

ಗಂಡ ಯಾನ್‌ಷೆಂಗನನ್ನು ಅವನದೇ ಕಮ್ಯುನಿಸ್ಟ್ ಪಕ್ಷದವರು ಹಿಡಿದು ಕೂಡಿಹಾಕಿದ್ದಾರೆಂದು ಕೇಳಿದಾಗ ಚುನ್‌ಮೇ ಅಳಲಿಲ್ಲ. ಒಲೆಯ ಮೇಲಿದ್ದ ಗೆಣಸಿನ ಗಂಜಿಯನ್ನು ಇಳಿಸಿದಳು. ಸಾವಿರದ ಒಂಬೈನೂರ ಮೂವತ್ತನೇ ಇಸವಿಯ ಆ ಚಳಿಯಲ್ಲಿ ಯಾರ ಮನೆಯಲ್ಲೂ ಅಳು ಉಳಿದಿರಲಿಲ್ಲ.

ಯಾನ್‌ಷೆಂಗ್ ಕೆಂಪು ಸೇನೆಯ ತುಕಡಿಯೊಂದರ ನಾಯಕ. ಅವನೂ ಅವನೊಂದಿಗೆ ಬಂದೂಕು ಹಿಡಿದವರೂ ಬೆಟ್ಟದ ಹಕ್ಕಾ ಜನ. ಪಕ್ಷದ ಸಮಿತಿಯಲ್ಲಿ ಕೂತವರೆಲ್ಲ ಬಯಲಿನ ಸ್ಥಳೀಕರು. ಹಕ್ಕಾದವರು ಚೀನಾದ ಈ ಜಿಯಾಂಗ್ಸಿ ಸೀಮೆಗೆ ಬಂದು ಇನ್ನೂರು ವರ್ಷವಾದರೂ ಬಯಲಿನವರ ಬಾಯಲ್ಲಿ ಇನ್ನೂ 'ಬಂದವರು'. ಕ್ರಾಂತಿಯಾದ ಮೇಲೆ ಎಲ್ಲರೂ ಸಂಗಾತಿಗಳಂತೆ. ಸಂಗಾತಿಗಳು, ಮಣ್ಣಂಗಟ್ಟಿ! ಸಮಿತಿಯ ಕಾರ್ಯದರ್ಶಿ ಪಾನ್‌ಗೆ ಬೇಕಿದ್ದುದು ಆ ಬಂದೂಕುಗಳು.

ಹಿಂದಿನ ದಿನ ಮುಂಜಾನೆ ಗುಡ್ಡದಲ್ಲಿ ಅಗೆಯುತ್ತಿದ್ದ ಯಾನ್‌ಷೆಂಗನನ್ನು ಯಾರೋ ಕಂಡಿದ್ದರು. ಬಂಗಾರ ಹೂತಿಟ್ಟು ಶತ್ರುವಿನ ಕಡೆ ಓಡುವ ಹುನ್ನಾರ ಎಂದರು. ಅವನು ಅಗೆದು ತೆಗೆದದ್ದು ಅಪ್ಪನ ಮೂಳೆ. ಹೂತವರನ್ನು ಕೆಲವು ವರ್ಷದ ಮೇಲೆ ಎತ್ತಿ, ಮೂಳೆ ಒರೆಸಿ ಗಡಿಗೆಯಲ್ಲಿ ಕೂರಿಸದಿದ್ದರೆ ಹಕ್ಕಾದವರಲ್ಲಿ ಮಗ ಮಗನೇ ಅಲ್ಲ. ಪಕ್ಷ ಅದನ್ನು ಮೂಢನಂಬಿಕೆಯೆಂದು ನಿಷೇಧಿಸಿತ್ತು; ಅದಕ್ಕೇ ಕದ್ದುಮುಚ್ಚಿ ಮಾಡಿದ್ದ.

ನಿಜ ಹೇಳಿದರೆ ನಾಯಕತ್ವ ಹೋದೀತು, ಜೀವ ಉಳಿದೀತು. ಚುನ್‌ಮೇ ಸೌದೆಕೊಟ್ಟಿಗೆಯಲ್ಲಿದ್ದ ಗಡಿಗೆಯನ್ನು ಹೊತ್ತೊಯ್ದು ಸಮಿತಿಯ ಮುಂದಿಟ್ಟಳು.

"ಏನಮ್ಮಾ ಇದು?" ಪಾನ್ ಕೇಳಿದ.

"ನಮ್ಮ ಮಾವ."

ಯಾರೋ ಕಿಸಕ್ಕೆಂದರು. "ಕೂತ್ಕೊಳ್ಳೋಕೆ ಹೇಳಮ್ಮಾ ನಿಮ್ಮ ಮಾವಂಗೆ, ಚಹಾ ಕೊಡೋಣ."

ಪಾನ್ ಗಡಿಗೆಯನ್ನು ಮೇಜಿನ ಮೇಲೆ ಬೋರಲು ಹಾಕಿದ. ಮೂಳೆಗಳು ಉರುಳಿದವು. ಬಂಗಾರವಿರಲಿಲ್ಲ.

"ನಮ್ಮನೆಯವ್ರು ಅಗೆದಿದ್ದು ಇದನ್ನೇ ಅಣ್ಣಾ. ಬಿಟ್ಬಿಡಿ ಅವರನ್ನ."

"ಮತ್ತೆ ನಿನ್ನೆ ಇಲ್ಲೇ ನಿಂತು, ಗುಡ್ಡದ ಕಾವಲಿನವರನ್ನ ನೋಡೋಕೆ ಹೋಗಿದ್ದೆ ಅಂದನಲ್ಲ ನಿನ್ನ ಗಂಡ? ಪಕ್ಷಕ್ಕೇ ಸುಳ್ಳು ಹೇಳ್ದೋನು ಇನ್ಯಾರಿಗೆ ನಿಜ ಹೇಳ್ತಾನೆ?" ಪಾನ್ ನಕ್ಕ. "ನಮ್ಮ ಹತ್ರ ಸಾಕ್ಷಿ ಇರ್ಲಿಲ್ಲ. ನೀನೇ ಹೊತ್ಕೊಂಡು ಬಂದೆ, ತಂಗೀ."

ಮರಣದಂಡನೆಗೆ ಒಪ್ಪಿಗೆಯೆಂದು ಕೈಗಳು ಮೇಲೆದ್ದವು. ಒಂದೂ ಕೆಳಗುಳಿಯಲಿಲ್ಲ. ಚುನ್‌ಮೇಗೆ ಕಿರುಚಬೇಕೆಂದೂ ಅನಿಸಲಿಲ್ಲ. ಗಡಿಗೆಯನ್ನು ನೆಟ್ಟಗಿಟ್ಟು ಕ್ರಮ ತಪ್ಪದಂತೆ ತುಂಬತೊಡಗಿದಳು. ಮೊದಲು ಪಾದ, ಆಮೇಲೆ ಕಾಲು, ಸೊಂಟ. ಮನುಷ್ಯ ಕೂತ ಹಾಗೆಯೇ ಬರಬೇಕು.

ಪಕ್ಕೆಲುಬು ಇಡುತ್ತಿದ್ದಾಗ ಅಂಗಳದಲ್ಲಿ ಗುಂಡಿನ ಸದ್ದಾಯಿತು. ಅವಳು ಉಳಿದ ಪಕ್ಕೆಲುಬುಗಳನ್ನೂ ಜೋಡಿಸಿಟ್ಟಳು. ಆಮೇಲೆ ತಲೆಬುರುಡೆಯನ್ನು ಅಂಗಿಯ ತೋಳಿನಿಂದ ಒರೆಸಿ ಎಲ್ಲಕ್ಕಿಂತ ಮೇಲಿಟ್ಟಳು.

"ನಡೀರಿ ಮಾವಾ, ಮನೆಗೆ ಹೋಗೋಣ. ನಿಮ್ಮ ಮಗ ಬರಲ್ಲ."