ಇನ್ನೊಂದು ಶನಿವಾರ

"ಎಂತ ಜಯಕ್ಕ, ನಿಮ್ಮ ಮಕ್ಕಳು ಓಡುವುದೇ ಇಲ್ಲ! ಬೆಳಿಗ್ಗೆ ಎಂತದಾದರೂ ತಿಂದಿದ್ದಾರಾ ಇಲ್ಲವಾ?" ಆಟ ನೋಡಲು ಜೊತೆಗೆ ಬಂದಿದ್ದ ಗೆಳತಿ ಫ್ಲಾವಿಯಾ ಕೊಡೆಯನ್ನು ಈ ಕೈಯಿಂದ ಆ ಕೈಗೆ ಬದಲಿಸುತ್ತ ಕೇಳಿದರು.

"ನಾನೇ ಚಪಾತಿ ಪಲ್ಯ ಮಾಡ್ಕೊಂಡ್ ಬಂದಿದ್ದೆ ಕಣ್ರೀ."

"ನಿಮ್ಮ ಮೈಸೂರು ಖಾರವಾ? ಹಾಗಾದರೆ ಪಾಪ, ಓಡುವುದು ಹೇಗೆ!"

ಜಯಲಕ್ಷ್ಮಿ ನಕ್ಕರು, ಕಣ್ಣು ಮಾತ್ರ ಮೈದಾನದಿಂದ ಕದಲಲಿಲ್ಲ. ನಗರದಂಚಿನ ಕಸರಾನಿಯ ಹತ್ತಿರದ ಆ ಬಯಲಿನಲ್ಲಿ ಕಾಲೇಜು ಫುಟ್‌ಬಾಲಿನ ಕ್ವಾರ್ಟರ್ ಫೈನಲ್ ನಡೆಯುತ್ತಿತ್ತು. ಅವರ ಕಾಲೇಜಿನ ಹುಡುಗರು ಒಂದು ಗೋಲು ಹಿಂದಿದ್ದರು. ಎಂಬತ್ತೆರಡನೇ ಇಸವಿಯ ನಂತರ, ಏಳು ವರ್ಷಗಳಲ್ಲಿ, ತಂಡ ನಾಕೌಟ್ ಹಂತಕ್ಕೆ ಬಂದದ್ದು ಇದೇ ಮೊದಲು.

ಅಧ್ಯಾಪಕರೊಬ್ಬರು ಜೊತೆಗಿಲ್ಲದೆ ತಂಡ ಆಡುವಂತಿಲ್ಲ ಎಂಬುದು ನಿಯಮ. ಹಿಂದಿದ್ದವರು ವರ್ಗವಾಗಿ ಹೋದಾಗ, ಸಭೆಯಲ್ಲಿ ಎಲ್ಲರೂ ತಮ್ಮ ತಮ್ಮ ಚಹಾದ ಕಪ್ಪಿನೊಳಗೆ ನೋಡತೊಡಗಿದ್ದರು. ಕೈ ಎತ್ತಿದವರು ರಸಾಯನಶಾಸ್ತ್ರದ ಜಯಲಕ್ಷ್ಮಿ. ಯಾರೋ ನಕ್ಕರು. ಪ್ರಾಂಶುಪಾಲರು ಮಾತ್ರ, "ಬಹಳ ಉಪಕಾರವಾಯಿತು" ಎಂದು ತಕ್ಷಣ ಬೇರೆ ವಿಷಯಕ್ಕೆ ಹೋಗಿಬಿಟ್ಟರು. ಗಂಡ ಅನಂತ್ ತೀರಿಕೊಂಡು ಆಗಿನ್ನೂ ಎರಡು ತಿಂಗಳು. ವಾರದ ದಿನಗಳು ಪಾಠದಲ್ಲಿ ಹೇಗೋ ಕಳೆಯುತ್ತಿದ್ದವು. ಸೌತ್ ಸಿ ಬಡಾವಣೆಯ ಮನೆಯಲ್ಲಿ ಶನಿವಾರವೆಂಬುದು ಮಾತ್ರ ಮುಗಿಯುತ್ತಲೇ ಇರಲಿಲ್ಲ.

ಆಫ್‌ಸೈಡ್ ಎಂದರೇನೆಂದು ಅವರಿಗೆ ಇನ್ನೂ ಪೂರ್ತಿ ತಿಳಿದಿರಲಿಲ್ಲ. ಗೆದ್ದರೆ ಮುಂದಿನ ಶನಿವಾರವೂ ಆಟವಿದೆ ಎಂಬುದು ತಿಳಿದಿತ್ತು. ಜನವರಿಗೆ ಹೊಸ ವ್ಯಾಯಾಮ ಶಿಕ್ಷಕರು ಬರುವವರಿದ್ದರು. ಆಮೇಲೆ ತಂಡದ ಜೊತೆ ಹೋಗುವ ಕೆಲಸ ಅವರದು.

ನಾಯಕ ಒಡಿಯಾಂಬೊ ಮೇಲಕ್ಕೆ ಹಾರಿ ತಲೆಯಿಂದ ಚೆಂಡನ್ನು ಬಲೆಗೆ ತಳ್ಳಿದಾಗ, ಜಯಲಕ್ಷ್ಮಿ ಫ್ಲಾವಿಯಾರ ತೋಳನ್ನು ಹಿಡಿದ ರಭಸಕ್ಕೆ ಕೊಡೆ ಕೆಳಗೆ ಬಿತ್ತು.

"ಅಯ್ಯೋ, ನನ್ನ ಕೈ! ನಮ್ಮದಾ ಗೋಲು?"

"ನಮ್ಮದೇ ರೀ, ನಮ್ಮದೇ!"

ಆ ಸಂತೋಷ ಹೆಚ್ಚು ಹೊತ್ತು ಉಳಿಯಲಿಲ್ಲ. ಆಟ ಮುಗಿಯುವ ಹೊತ್ತಿಗೆ ಎದುರು ತಂಡದ ಎಳೆಯ ಹುಡುಗನೊಬ್ಬ ದೂರದಿಂದಲೇ ಒದ್ದ ಚೆಂಡು ಗೋಲ್‌ಕೀಪರನ ಬೆರಳು ಸವರಿಕೊಂಡು ಒಳಗೆ ಹೋಯಿತು. ಸೀಟಿ ಊದಿದಾಗ ಹುಡುಗರು ಇದ್ದಲ್ಲೇ ಹುಲ್ಲಿನ ಮೇಲೆ ಮಲಗಿಬಿಟ್ಟರು. ಒಡಿಯಾಂಬೊ ಮಾತ್ರ ಎದ್ದು ಅವರ ಬಳಿ ಬಂದ.

"ಪೋಲೆ, ಮ್ಯಾಡಮ್" ಎಂದ. ಸಾವಿಗೂ, ಬಸ್ಸು ತಪ್ಪಿದ್ದಕ್ಕೂ ಇಲ್ಲಿಯವರು ಸ್ವಾಹಿಲಿಯಲ್ಲಿ ಹೇಳುವ ಸಮಾಧಾನ ಅದೊಂದೇ.

"ನಾನಲ್ಲವೇನಪ್ಪ ನಿನಗೆ ಹೇಳಬೇಕಾದದ್ದು?"

ಅವನು ಅವರ ಚಪಾತಿಯ ಡಬ್ಬಿಗಳನ್ನು ಎತ್ತಿಕೊಂಡ.

"ನಮ್ಮ ಕಾರಲ್ಲಿ ಬನ್ನಿ ಜಯಕ್ಕ, ರಾತ್ರಿ ಊಟ ನಮ್ಮಲ್ಲೇ" ಎಂದರು ಫ್ಲಾವಿಯಾ.

"ಇನ್ನೊಂದಿನ ಬರ್ತೀನಿ. ಇವತ್ತು ಹುಡುಗರ ಜೊತೆ ಹೋಗ್ತೀನಿ."

ಕಾಲೇಜು ಬಸ್ಸಿನಲ್ಲಿ ಹುಡುಗರು ಕಾಲು ಚಾಚಿ ಕೂತರು. ಎಂದಿನಂತೆ ಕಾಲೇಜಿನಲ್ಲಿಳಿದು ಮಟಾಟು ವ್ಯಾನು ಹಿಡಿಯೋಣವೆಂದು ಜಯಲಕ್ಷ್ಮಿ ಚೀಲ ತೊಡೆಯ ಮೇಲಿಟ್ಟುಕೊಂಡರೆ, ಬಸ್ಸು ಕಾಲೇಜಿನ ತಿರುವು ದಾಟಿ ಸೌತ್ ಸಿಯತ್ತ ನಡೆಯಿತು. ಮುಂದೆ ಡ್ರೈವರನ ಪಕ್ಕ ಕೂತಿದ್ದ ಒಡಿಯಾಂಬೊ ಹಿಂದಿರುಗಿ ನೋಡಲಿಲ್ಲ.

ಮನೆಯ ಗೇಟಿನ ಮುಂದೆ ಬಸ್ಸು ನಿಂತಾಗ ಕತ್ತಲಾಗುತ್ತಿತ್ತು. ಡಬ್ಬಿಗಳನ್ನು ಕೈಗೆ ಕೊಡುತ್ತ ಅವನೆಂದ, "ಒಳಗೆ ಹೋಗಿ ದೀಪ ಹಾಕಿ ಮ್ಯಾಡಮ್. ಬೆಳಕು ಕಂಡ ಮೇಲೆ ನಾವು ಹೊರಡ್ತೀವಿ."

ಅವರು ಬೀಗ ತೆಗೆದು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಹೊರಗೆ ಬಸ್ಸಿನ ಇಂಜಿನ್ ಗುರುಗುಡುತ್ತಿತ್ತು. ಹುಡುಗರಲ್ಲಿ ಯಾರೋ ಕೆಮ್ಮಿದ. ಯಾರೋ ಏನೋ ಹೇಳಿದ್ದಕ್ಕೆ ಇನ್ನಿಬ್ಬರು ನಕ್ಕರು. ಜಯಲಕ್ಷ್ಮಿ ಕತ್ತಲಲ್ಲಿ, ಸ್ವಿಚ್ಚಿನ ಮೇಲೆ ಬೆರಳಿಟ್ಟುಕೊಂಡು ನಿಂತೇ ಇದ್ದರು.